ಬಾಡಿಗೆ ಸಾಫ್ಟ್‌ವೇರ್ ಬಿಡುವ ಮುಂಚೆ ನಿಮ್ಮ ಫೈಲುಗಳನ್ನು ನೋಡಿ

ಪ್ರಶ್ನೆ: ನಮ್ಮ ಮನೆಯಲ್ಲಿ 2017ರಲ್ಲಿ ಕೊಂಡ ಡೆಸ್ಕ್‌ಟಾಪ್ ಇದೆ. 8 ಜಿಬಿ ರ‍್ಯಾಮ್, ವಿಂಡೋಸ್ 10. ಆಫೀಸ್, ಫೋಟೋಶಾಪ್, ಪಿಡಿಎಫ್ ತಿದ್ದುವ ಸಾಫ್ಟ್‌ವೇರ್, ಆಂಟಿವೈರಸ್ ಎಲ್ಲದಕ್ಕೂ ವರ್ಷ ವರ್ಷ ದುಡ್ಡು ಕಟ್ಟಿ ಸಾಕಾಗಿದೆ. ಯಜಮಾನರು ನಿವೃತ್ತ ಮೇಷ್ಟ್ರು. ಊರಿನ ಇತಿಹಾಸ ಬರೆಯುತ್ತಿದ್ದಾರೆ, ಎಲ್ಲ ‘ನುಡಿ’ ಎಂಬ ಕನ್ನಡ ಸಾಫ್ಟ್‌ವೇರ್‌ನಲ್ಲಿ ಟೈಪ್ ಮಾಡಿದ ವರ್ಡ್ ಫೈಲುಗಳು. ನಾನು ಪರಿಚಯದವರಿಗೆ ಲಗ್ನಪತ್ರಿಕೆ, ಪೋಸ್ಟರ್ ಮಾಡಿಕೊಡುತ್ತೇನೆ. ಮಗಳು ಬಿ.ಕಾಂ. ಓದುತ್ತಿದ್ದಾಳೆ. ಇಷ್ಟೆಲ್ಲ ಕೆಲಸ ಉಚಿತ ಸಾಫ್ಟ್‌ವೇರ್‌ಗಳಲ್ಲಿ ಆಗುತ್ತದೆಯೇ? ಕಂಪ್ಯೂಟರ್ ಅಂಗಡಿಯ ಹುಡುಗ 500 ರೂಪಾಯಿ ಕೊಡಿ, ಎಲ್ಲ ‘ಫುಲ್ ವರ್ಷನ್’ ಹಾಕಿಕೊಡ್ತೀನಿ ಅಂತಿದ್ದಾನೆ. ಹಾಕಿಸಬಹುದೇ? — ಹಾಸನದಿಂದ ಒಬ್ಬ ಓದುಗರು

ಉತ್ತರ: ಕೊನೆಯ ಪ್ರಶ್ನೆಗೆ ಮೊದಲು ಉತ್ತರ ಹೇಳಿಬಿಡುತ್ತೇನೆ. ಹಾಕಿಸಬೇಡಿ ಮೇಡಂ. ಆ ‘ಫುಲ್ ವರ್ಷನ್’ ಅಂದರೆ ಕ್ರ್ಯಾಕ್, ಲೈಸೆನ್ಸ್ ಬೀಗ ಒಡೆದ ನಕಲಿ. ಅದನ್ನು ಹಾಕುವ ಮುಂಚೆ ಆ ಹುಡುಗ ನಿಮ್ಮ ಆಂಟಿವೈರಸ್ ಆಫ್ ಮಾಡುತ್ತಾನೆ, ಗಮನಿಸಿ. ಆಫ್ ಮಾಡದಿದ್ದರೆ ಕ್ರ್ಯಾಕ್ ಕೂರುವುದೇ ಇಲ್ಲ. ಅದರ ಬೆನ್ನಿಗೆ ಇನ್ನೇನು ಒಳಗೆ ಬಂತು ಅನ್ನುವುದು ಅವನಿಗೂ ಗೊತ್ತಿರುವುದಿಲ್ಲ. ‘ಸ್ಟಾಪ್’ ಅಥವಾ ‘ಡಿಜೆವಿಯು’ ಅನ್ನುವ ರ‍್ಯಾನ್ಸಮ್‌ವೇರ್ (ಫೈಲು ಬಿಡಿಸಲು ಹಣ ಕೇಳುವ ವೈರಸ್) ಜಾತಿ ಹರಡಿದ್ದೇ ಹೆಚ್ಚಾಗಿ ಇಂಥ ಕ್ರ್ಯಾಕ್‌ಗಳ ಮೂಲಕ. ಅದು ಬಂದರೆ ಫೋಟೊ, ವರ್ಡ್ ಫೈಲು ಎಲ್ಲಕ್ಕೂ ಬೀಗ ಬೀಳುತ್ತದೆ. ಮೇಷ್ಟ್ರ ಇಷ್ಟು ವರ್ಷದ ಬರಹವನ್ನು 500 ರೂಪಾಯಿಗೆ ಪಣಕ್ಕಿಟ್ಟಂತೆ. 1957ರ ಕಾಪಿರೈಟ್ ಕಾಯ್ದೆಯ 63ಬಿ ಕಲಮಿನ ಪ್ರಕಾರ ಗೊತ್ತಿದ್ದೂ ನಕಲಿ ಸಾಫ್ಟ್‌ವೇರ್ ಬಳಸುವುದು ಅಪರಾಧ ಕೂಡ. ಮನೆಗೆ ಬಂದು ಯಾರೂ ಹಿಡಿಯುವುದಿಲ್ಲ ಅಂತ ನೀವು ಅನ್ನಬಹುದು. ಇರಲಿ, ಮೊದಲನೇ ಕಾರಣವೇ ಸಾಕು.

ಈಗ ದೊಡ್ಡ ಪ್ರಶ್ನೆ. ‘ವರ್ಡ್ ಬದಲು ಯಾವುದು, ಫೋಟೋಶಾಪ್ ಬದಲು ಯಾವುದು’ ಅಂತ ಪಟ್ಟಿ ಕೊಡುವುದು ಸುಲಭ. ಅಂಥ ಪಟ್ಟಿಗಳು ಎಲ್ಲ ಕಡೆ ಸಿಗುತ್ತವೆ. ಆದರೆ ಅದನ್ನು ನೋಡಿ ಬದಲಾಯಿಸಿದವರಲ್ಲಿ ಬಹಳ ಜನ ಎರಡೇ ತಿಂಗಳಲ್ಲಿ ಮತ್ತೆ ದುಡ್ಡು ಕಟ್ಟಲು ಹೋಗುತ್ತಾರೆ. ಹೊಸ ಸಾಫ್ಟ್‌ವೇರ್ ಕೆಟ್ಟದ್ದು ಅಂತಲ್ಲ. ಹಳೇ ಫೈಲುಗಳು ಅದರಲ್ಲಿ ಸರಿಯಾಗಿ ತೆರೆಯಲಿಲ್ಲ ಅಂತ. ನಮ್ಮನ್ನು ಕಟ್ಟಿಹಾಕಿರುವುದು ಸಾಫ್ಟ್‌ವೇರ್ ಅಲ್ಲ, ಅದರಲ್ಲಿ ನಾವು ಮಾಡಿಟ್ಟ ಫೈಲುಗಳು, ಮತ್ತೆ ಆ ಫೈಲು ಯಾರಿಗೆ ಕೊಡಬೇಕೋ ಅವರು. ಬಾಡಿಗೆ ಮನೆ ಖಾಲಿ ಮಾಡುವಾಗ ಸಾಮಾನು ಸಾಗಿಸಿ ಆಮೇಲೆ ಬೀಗದ ಕೈ ಕೊಡುತ್ತೇವೆ, ಅಲ್ವಾ? ಇಲ್ಲೂ ಅದೇ ಕ್ರಮ.

ಹಾಗಾಗಿ ನಿಮ್ಮ ಮನೆಯಲ್ಲಿ ಕಷ್ಟದ ಕೆಲಸ ಫೋಟೋಶಾಪ್ ಬಿಡುವುದಲ್ಲ. ಮೇಷ್ಟ್ರ ನುಡಿ ಫೈಲುಗಳು.

ಯಾಕೆ ಅಂತ ಹೇಳುತ್ತೇನೆ. ಹಳೇ ನುಡಿ, ಅದರಂಥದೇ ಇನ್ನೊಂದು ಸಾಫ್ಟ್‌ವೇರ್ ಆದ ಹಳೇ ‘ಬರಹ’, ಇವುಗಳ ಆಸ್ಕಿ (ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡ ಕೂರಿಸಿದ) ಫಾಂಟ್‌ಗಳಲ್ಲಿ ಟೈಪ್ ಮಾಡಿದ್ದು ಕಂಪ್ಯೂಟರ್ ಲೆಕ್ಕದಲ್ಲಿ ಕನ್ನಡವೇ ಅಲ್ಲ. ನೀವು ನುಡಿಯಲ್ಲಿ ‘ಕನ್ನಡ’ ಅಂತ ಟೈಪ್ ಮಾಡಿದರೆ ಫೈಲಿನೊಳಗೆ ಕೂತಿರುವುದು ಇದು: ಇಂಗ್ಲಿಷಿನ ದೊಡ್ಡ ಪಿ, ತಲೆ ಮೇಲೆ ಗೀಟಿರುವ ಎ, ಬ್ರಿಟನ್ನಿನ ಪೌಂಡ್ ಗುರುತು, ಮತ್ತೆ ಗೀಟಿನ ಎ, ಜರ್ಮನ್ನರ ಒಂದು ಅಕ್ಷರ, ಸಣ್ಣ ಕ್ಯೂ, ಕೊನೆಗೆ ಇನ್ನೊಂದು ಗೀಟಿನ ಎ. ಇಷ್ಟಕ್ಕೂ ನುಡಿ ಫಾಂಟ್ ಕನ್ನಡದ ಆಕಾರ ತೊಡಿಸುತ್ತದೆ. ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಬಣ್ಣ ಬಯಲು. ಕಂಪ್ಯೂಟರಿನಲ್ಲಿ ಕನ್ನಡವೇ ಬಾರದ ಕಾಲದಲ್ಲಿ ಹೂಡಿದ ಜಾಣ ಉಪಾಯ ಅದು. ಆಗ ನುಡಿ, ಬರಹ ಇಲ್ಲದಿದ್ದರೆ ನಮ್ಮ ಪತ್ರಿಕೆ, ಪುಸ್ತಕ, ಸರ್ಕಾರಿ ಪತ್ರಗಳು ಏನಾಗುತ್ತಿದ್ದವೋ. ಆದರೆ 2001ರ ವಿಂಡೋಸ್ ಎಕ್ಸ್‌ಪಿಯಲ್ಲೇ ತುಂಗಾ ಎಂಬ ಯೂನಿಕೋಡ್ ಕನ್ನಡ ಫಾಂಟ್ ಬಂದಿತ್ತು. ಯೂನಿಕೋಡ್ ಅಂದರೆ ಕನ್ನಡವನ್ನು ಕಂಪ್ಯೂಟರ್ ಕನ್ನಡ ಅಂತಲೇ ಗುರುತಿಸುವ ಕ್ರಮ. ನಾವು ಆಸ್ಕಿಯಿಂದ ಮುಂದೆ ಹೋಗಲಿಲ್ಲ, ಅಷ್ಟೆ.

ಈ ಆಸ್ಕಿ ಫೈಲನ್ನು ಬೇರೆ ಸಾಫ್ಟ್‌ವೇರಿಗೆ ಒಯ್ದಾಗ ಏನಾಗುತ್ತದೆ ನೋಡಿ. ಆಫೀಸ್‌ಗೆ ಉಚಿತ ಬದಲಿಯಾದ ಲಿಬ್ರೆಆಫೀಸ್ ಇದನ್ನು ಇಂಗ್ಲಿಷ್ ಅಂತಲೇ ತಿಳಿಯುತ್ತದೆ. ವಾಕ್ಯದ ಮೊದಲ ಅಕ್ಷರ ಸಣ್ಣದಿದೆ, ದೊಡ್ಡದು ಮಾಡೋಣ ಅಂತ ಆಟೊಕರೆಕ್ಟ್ ಕೈ ಹಾಕುತ್ತದೆ. ಸಣ್ಣ ಅಕ್ಷರ ದೊಡ್ಡದಾದರೆ ನುಡಿಯಲ್ಲಿ ಅದು ಬೇರೆಯೇ ಕನ್ನಡ ಅಕ್ಷರ! ಮೇಷ್ಟ್ರು ಒಂದು ಟೈಪ್ ಮಾಡಿದರೆ ಪರದೆಯಲ್ಲಿ ಇನ್ನೊಂದು ಕೂರುತ್ತದೆ. ‘ಈ ಪುಕ್ಕಟೆ ಸಾಫ್ಟ್‌ವೇರ್ ಹಣೆಬರಹ ಇಷ್ಟೇ’ ಅಂತ ಅವರು ಎದ್ದು ಹೋಗುತ್ತಾರೆ. ಟೂಲ್ಸ್ ಮೆನುವಿನಲ್ಲಿ ಆಟೊಕರೆಕ್ಟ್ ಆಫ್ ಮಾಡಿದರೆ ಸದ್ಯಕ್ಕೆ ನಿಲ್ಲುತ್ತದೆ. ಆದರೆ ಅದು ತೇಪೆ. ಸರಿಯಾದ ದಾರಿ ಯೂನಿಕೋಡ್‌ಗೆ ಬದಲಾಯಿಸುವುದು.

ಇದಕ್ಕೆ ಪರಿವರ್ತಕಗಳಿವೆ. ಗುಬ್ಬಿ, ನವಿಲು ಎಂಬ ಉಚಿತ ಕನ್ನಡ ಫಾಂಟ್‌ಗಳನ್ನು ಮಾಡಿದ ಅರವಿಂದ ವಿ.ಕೆ. ಅವರ ಆಸ್ಕಿ–ಯೂನಿಕೋಡ್ ಪರಿವರ್ತಕ ಬ್ರೌಸರಿನಲ್ಲೇ ಕೆಲಸ ಮಾಡುತ್ತದೆ. ನುಡಿ ಪಠ್ಯ ಅಂಟಿಸಿ, ಒತ್ತಿ, ಯೂನಿಕೋಡ್ ಕನ್ನಡ ಎತ್ತಿಕೊಳ್ಳಿ. ಒಂದೇ ಸಲ ಇಡೀ ಪುಸ್ತಕ ಹಾಕಬೇಡಿ. ಒಂದೊಂದು ಅಧ್ಯಾಯ ಮಾಡಿ, ಹಳೇ ಫೈಲನ್ನು ಮುಟ್ಟದೆ ಬೇರೆ ಫೋಲ್ಡರಿನಲ್ಲಿ ಇಡಿ.

ಪರಿವರ್ತನೆ ಆದ ಮೇಲೆ ಮೂರು ಜಾಗ ನೋಡಬೇಕು. ಒಂದು, ಅರ್ಕಾವೊತ್ತು. ನುಡಿಯಲ್ಲಿ ಸೂರ್ಯ, ವರ್ಷ, ಕಾರ್ಯ ಇವುಗಳ ಅರ್ಕಾವೊತ್ತು ಅಕ್ಷರದ ನಂತರ ಬರುತ್ತದೆ. ಯೂನಿಕೋಡ್‌ನಲ್ಲಿ ‘ರ್’ ಮೊದಲು ಬರಬೇಕು. ಪರಿವರ್ತಕ ಅದನ್ನು ಹಿಂದಕ್ಕೆ ಎತ್ತಿಡುತ್ತದೆ, ಆದರೂ ಒತ್ತಿನ ಮೇಲೆ ಒತ್ತು ಬಂದ ಕಡೆ ಕಣ್ಣಾಡಿಸಿ. ಎರಡು, ನಡುನಡುವೆ ಬಂದ ಇಂಗ್ಲಿಷ್ ಪದಗಳು. ಮೇಷ್ಟ್ರು ಶಾಸನದ ಆಕರ ಗ್ರಂಥದ ಹೆಸರನ್ನು ಇಂಗ್ಲಿಷ್ ಫಾಂಟ್‌ನಲ್ಲಿ ಹಾಕಿರುತ್ತಾರೆ. ಪರಿವರ್ತಕಕ್ಕೆ ಫಾಂಟ್ ಕಾಣುವುದಿಲ್ಲ, ಬರೀ ಅಕ್ಷರ ಕಾಣುತ್ತದೆ. ಇಂಗ್ಲಿಷನ್ನೂ ಕನ್ನಡ ಅಂತಲೇ ತಿರುಗಿಸಿ ಅರ್ಥವಿಲ್ಲದ ಅಕ್ಷರಗಳ ಸಾಲು ಕೊಡುತ್ತದೆ. ಅವನ್ನು ಕೈಯಲ್ಲೇ ತಿದ್ದಬೇಕು. ಮೂರು, ದಪ್ಪ ಅಕ್ಷರ, ಅಡಿಗೆರೆ, ಕೋಷ್ಟಕ ಇವೆಲ್ಲ ಅಂಟಿಸುವಾಗ ಹೋಗಿರುತ್ತವೆ. ಮತ್ತೆ ಹಾಕಿಕೊಳ್ಳಬೇಕು. ಬೇಜಾರಿನ ಕೆಲಸ, ನಿಜ. ಆದರೆ ಮುಗಿದ ಮೇಲೆ ‘ಮಂಜರಾಬಾದ್’ ಅಂತ ಹುಡುಕಿದರೆ ಆ ಹೆಸರು ಬಂದ ಪುಟಗಳೆಲ್ಲ ಸಿಗುತ್ತವೆ. ಒಂದು ಪ್ಯಾರಾ ಎತ್ತಿ ವಾಟ್ಸಾಪ್‌ನಲ್ಲಿ ಕಳಿಸಬಹುದು. ಮೊಬೈಲಿನಲ್ಲೂ ಓದಬಹುದು. ಇನ್ನು ಯಾವ ಸಾಫ್ಟ್‌ವೇರ್ ಬಳಸಿದರೂ ನಡೆಯುತ್ತದೆ.

ಹೊಸದಾಗಿ ಟೈಪ್ ಮಾಡಲು ನುಡಿಯೇ ಬೇಕೆಂದರೆ ಅದನ್ನು ಯೂನಿಕೋಡ್ ಕ್ರಮಕ್ಕೆ ಬದಲಾಯಿಸಿಕೊಂಡು ಬಳಸಲಿ. ಬೆರಳಿಗೆ ಕೂತ ಕೀಲಿಮಣೆ ಬದಲಾಗುವುದಿಲ್ಲ. ನೀವೂ ಮಗಳೂ ವಿಂಡೋಸ್‌ನಲ್ಲೇ ಇರುವ ಕನ್ನಡ ಫೊನೆಟಿಕ್ ಕೀಬೋರ್ಡ್ ಬಳಸಬಹುದು. ಸೆಟ್ಟಿಂಗ್ಸ್‌ನಲ್ಲಿ ಭಾಷೆಗೆ ಕನ್ನಡ ಸೇರಿಸಿದರೆ ಸಿಗುತ್ತದೆ, ಬೇರೇನೂ ಹಾಕಬೇಕಿಲ್ಲ.

ಆಮೇಲೆ ಲಿಬ್ರೆಆಫೀಸ್. 2010ರಲ್ಲಿ ಓಪನ್ಆಫೀಸ್‌ನಿಂದ ಕವಲೊಡೆದು ಬಂದದ್ದು, ಈಗ ಡಾಕ್ಯುಮೆಂಟ್ ಫೌಂಡೇಶನ್ ಎಂಬ ಸಂಸ್ಥೆ ನೋಡಿಕೊಳ್ಳುತ್ತದೆ. ವರ್ಡ್, ಎಕ್ಸೆಲ್, ಪವರ್‌ಪಾಯಿಂಟ್ ಮೂರಕ್ಕೂ ಬದಲಿ ಇದರಲ್ಲೇ ಇದೆ. ಹಾಕಿದ ಕೂಡಲೇ ಎರಡು ಸೆಟ್ಟಿಂಗ್ ಬದಲಾಯಿಸಿ, ಇಲ್ಲದಿದ್ದರೆ ಮೊದಲ ದಿನವೇ ಸಿಟ್ಟು ಬರುತ್ತದೆ.

ಟೂಲ್ಸ್‌ನಲ್ಲಿ ಆಪ್ಷನ್ಸ್ ತೆರೆದು ಭಾಷೆಗಳ ಪುಟಕ್ಕೆ ಹೋಗಿ. ಅಲ್ಲಿ ‘ಕಾಂಪ್ಲೆಕ್ಸ್ ಟೆಕ್ಸ್ಟ್ ಲೇಔಟ್’ ಅಂತ ಇರುತ್ತದೆ. ಲಿಬ್ರೆಆಫೀಸ್ ಕನ್ನಡವನ್ನು ಆ ಗುಂಪಿಗೆ ಸೇರಿಸಿದೆ. ಅದನ್ನು ಆನ್ ಮಾಡಿ ಕನ್ನಡ ಆರಿಸಿ. ಬಳಿಕ ರೈಟರ್‌ನ (ಲಿಬ್ರೆಆಫೀಸ್‌ನಲ್ಲಿ ವರ್ಡ್‌ಗೆ ಬದಲಿ) ‘ಬೇಸಿಕ್ ಫಾಂಟ್ಸ್’ನಲ್ಲಿ ಅದೇ ಗುಂಪಿನ ಪುಟಕ್ಕೆ ಹೋಗಿ ನಿಮಗೆ ಬೇಕಾದ ಕನ್ನಡ ಫಾಂಟ್ ಮತ್ತು ಅಳತೆ ಕೊಡಿ. ನೋಟೊ ಸೆರಿಫ್ ಕನ್ನಡ ಪುಸ್ತಕದ ಪುಟಕ್ಕೆ ಚೆನ್ನಾಗಿ ಒಪ್ಪುತ್ತದೆ, ಉಚಿತ. ಇಲ್ಲಿ ಇಂಗ್ಲಿಷಿಗೆ ಒಂದು ಫಾಂಟ್, ಕನ್ನಡಕ್ಕೆ ಒಂದು ಫಾಂಟ್, ಎರಡೂ ಬೇರೆ ಬೇರೆ ಲೆಕ್ಕ. ಇದು ಗೊತ್ತಿಲ್ಲದೆ ‘ಸ್ಟೈಲ್‌ನಲ್ಲಿ ಸೈಜ್ 14 ಕೊಟ್ಟೆ, ಕನ್ನಡ ಮಾತ್ರ 12ರಲ್ಲೇ ಇದೆ’ ಅಂತ ತಲೆ ಕೆಡಿಸಿಕೊಳ್ಳುವವರು ಬಹಳ. ಎರಡನೇ ಸೆಟ್ಟಿಂಗ್: ಲೋಡ್–ಸೇವ್ ಪುಟದಲ್ಲಿ ಯಾವಾಗಲೂ ವರ್ಡ್ ಮಾದರಿಯಲ್ಲೇ, ಅಂದರೆ ಡಾಕ್ಸ್ ಆಗಿ ಸೇವ್ ಆಗಲಿ ಅಂತ ಹೇಳಿ. ಹೊರಗಿನವರಿಗೆ ಕಳಿಸಿದಾಗ ‘ಓಪನ್ ಆಗ್ತಿಲ್ಲ’ ಎಂಬ ಫೋನು ಬರುವುದಿಲ್ಲ. ಮೆನು ಕನ್ನಡದಲ್ಲೂ ಬರುತ್ತದೆ. ಇಂಗ್ಲಿಷ್ ಮೆನುವಿಗೆ ಒಗ್ಗಿದವರಿಗೆ ಅದರಲ್ಲಿ ಹುಡುಕಾಟವೇ ಜಾಸ್ತಿ, ಸುಮ್ನೆ ಇಂಗ್ಲಿಷಿನಲ್ಲೇ ಬಿಡಿ.

ಮಗಳ ವಿಷಯ ಸ್ವಲ್ಪ ಬೇರೆ. ಬಿ.ಕಾಂ. ಲ್ಯಾಬಿನಲ್ಲಿ ಎಕ್ಸೆಲ್ ಕೇಳುತ್ತಾರೆ. ಲಿಬ್ರೆಆಫೀಸ್ ಕ್ಯಾಲ್ಕ್‌ನಲ್ಲಿ ಪಿವಟ್ ಟೇಬಲ್ ಇದೆ, 2024ರ ಆಗಸ್ಟ್‌ನ 24.8 ಆವೃತ್ತಿಯಿಂದ ಎಕ್ಸ್‌ಲುಕಪ್ ಕೂಡ ಬಂದಿದೆ. ಕಲಿಯಲು ತೊಂದರೆಯಿಲ್ಲ. ಎಕ್ಸೆಲ್ ಮ್ಯಾಕ್ರೊ ಮಾತ್ರ ಎಲ್ಲ ನಡೆಯುವುದಿಲ್ಲ. ಪರೀಕ್ಷೆಗೆ ಎಕ್ಸೆಲ್ಲೇ ಮುಟ್ಟಿ ನೋಡಬೇಕೆಂದರೆ ಬ್ರೌಸರಿನಲ್ಲಿ ಮೈಕ್ರೋಸಾಫ್ಟ್‌ನ ಉಚಿತ ವರ್ಡ್, ಎಕ್ಸೆಲ್, ಪವರ್‌ಪಾಯಿಂಟ್ ಇವೆ. ಒಂದು ಖಾತೆ ಇದ್ದರೆ ಸಾಕು. ಕಾಲೇಜು ಕೊಟ್ಟ ಇಮೇಲ್ ಇದ್ದರೆ ಅದಕ್ಕೆ ಆಫೀಸ್ ಸೇರಿಕೊಂಡಿದೆಯಾ ಅಂತ ಮೊದಲು ಕೇಳಲಿ. ಎಷ್ಟೋ ಮನೆಗಳಲ್ಲಿ ಮಕ್ಕಳಿಗೆ ಕಾಲೇಜಿನಿಂದ ಪುಕ್ಕಟೆ ಸಿಗುವುದಕ್ಕೆ ಅಪ್ಪ–ಅಮ್ಮ ದುಡ್ಡು ಕಟ್ಟುತ್ತಿರುತ್ತಾರೆ. ಟ್ಯಾಲಿಗೆ ಬದಲಿ ಹುಡುಕಬೇಡಿ. ಲೆಕ್ಕಪತ್ರ ಬರೆಯಲು ಉಚಿತ ಸಾಫ್ಟ್‌ವೇರ್ ಇವೆ, ಆದರೆ ಕಾಲೇಜೂ ಆಡಿಟರೂ ಕೇಳುವುದು ಟ್ಯಾಲಿ. ಕಲಿಯುವವರಿಗೆ ಅದರಲ್ಲೇ ಲೈಸೆನ್ಸ್ ಬೇಡದ ಎಜುಕೇಶನಲ್ ಮೋಡ್ ಇದೆ.

ಇನ್ನು ನಿಮ್ಮ ಕೆಲಸ. ಇಲ್ಲಿ ಒಂದು ಪ್ರಶ್ನೆ ಕೇಳುತ್ತೇನೆ: ಲಗ್ನಪತ್ರಿಕೆ ಪ್ರಿಂಟ್ ಎಲ್ಲಿ ಮಾಡಿಸುತ್ತೀರಿ? ನಮ್ಮ ಕಡೆ ಡಿಟಿಪಿ ಅಂಗಡಿ, ಫ್ಲೆಕ್ಸ್ ಅಂಗಡಿ ಎಲ್ಲ ಕಡೆ ಕೋರೆಲ್‌ಡ್ರಾ ಎಂಬ ಡಿಸೈನ್ ಸಾಫ್ಟ್‌ವೇರ್. ಕೆಲವರು ಇನ್ನೂ ಪೇಜ್‌ಮೇಕರ್ ಬಿಟ್ಟಿಲ್ಲ. ಅವರ ಫಾಂಟ್‌ಗಳೂ ನುಡಿ, ‘ಆಕೃತಿ’ ಎಂಬ ಸಾಫ್ಟ್‌ವೇರ್‌ಗಳ ಹಳೇ ಫಾಂಟ್‌ಗಳೇ. ನೀವು ಯೂನಿಕೋಡ್‌ನಲ್ಲಿ ಮಾಡಿದ ಫೈಲನ್ನು ಹಾಗೇ ಕೊಟ್ಟರೆ ಅಲ್ಲಿ ಒತ್ತಕ್ಷರ ಚೆಲ್ಲಾಪಿಲ್ಲಿಯಾಗುತ್ತದೆ. ಅದಕ್ಕೇ ಅವರು ‘ಕರ್ವ್ಸ್ ಮಾಡಿ ತನ್ನಿ’ ಅನ್ನುವುದು. ಅಂದರೆ ಅಕ್ಷರವನ್ನು ಚಿತ್ರದ ಗೆರೆಯಾಗಿ ಮಾಡಿಬಿಡುವುದು. ಆಮೇಲೆ ಫಾಂಟ್ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ.

ಇಂಕ್‌ಸ್ಕೇಪ್ ಎಂಬ ಉಚಿತ ಸಾಫ್ಟ್‌ವೇರ್ ಈ ಕೆಲಸಕ್ಕೆ ಹೇಳಿ ಮಾಡಿಸಿದ್ದು. ಯೂನಿಕೋಡ್ ಕನ್ನಡ ಸರಿಯಾಗಿ ಕೂರುತ್ತದೆ. ಕೆಲಸ ಮುಗಿದ ಮೇಲೆ ಒಂದು ಪ್ರತಿ ತೆಗೆದಿಟ್ಟು, ಎಲ್ಲ ಆರಿಸಿ, ಪಾಥ್ ಮೆನುವಿನ ‘ಆಬ್ಜೆಕ್ಟ್ ಟು ಪಾಥ್’ ಒತ್ತಿ ಪಿಡಿಎಫ್ ಮಾಡಿಕೊಡಿ. ಪ್ರತಿ ತೆಗೆದಿಡಲು ಮರೆಯಬೇಡಿ. ಕರ್ವ್ಸ್ ಆದ ಮೇಲೆ ವರನ ಅಜ್ಜನ ಹೆಸರಿನಲ್ಲಿ ತಪ್ಪು ಕಂಡರೆ ತಿದ್ದಲು ಆಗುವುದಿಲ್ಲ, ಅದು ಆಗ ಅಕ್ಷರವಲ್ಲ. ಹಳೇ ಕೋರೆಲ್ ಫೈಲುಗಳನ್ನೂ ಇಂಕ್‌ಸ್ಕೇಪ್ ತೆರೆಯುತ್ತದೆ, ಆದರೆ ಅರೆಬರೆ. ಬಳ್ಳಿ, ಕಲಶ, ಗಣಪತಿ ಇಂಥ ಚಿತ್ರಗಳನ್ನು ಎತ್ತಿಕೊಳ್ಳಲು ಸಾಕು.

ಬಣ್ಣದ ಬಗ್ಗೆ ಒಂದು ಎಚ್ಚರಿಕೆ. ಇಂಕ್‌ಸ್ಕೇಪ್ ಪರದೆಯ ಬಣ್ಣದಲ್ಲಿ ಪಿಡಿಎಫ್ ಮಾಡುತ್ತದೆ, ಆಫ್‌ಸೆಟ್ ಪ್ರೆಸ್‌ಗೆ ಬೇಕಾದ ನಾಲ್ಕು ಶಾಯಿಯ ಲೆಕ್ಕದಲ್ಲಲ್ಲ. ಪರದೆಯಲ್ಲಿ ಹೊಳೆಯುವ ನೀಲಿ ಕಾಗದದ ಮೇಲೆ ಮಂಕಾಗುತ್ತದೆ. ಫ್ಲೆಕ್ಸ್‌ಗೆ, ಡಿಜಿಟಲ್ ಪ್ರಿಂಟ್‌ಗೆ ಅಷ್ಟಾಗಿ ತೊಂದರೆಯಿಲ್ಲ. ಆಫ್‌ಸೆಟ್‌ನಲ್ಲಿ ಸಾವಿರ ಕಾರ್ಡ್ ಹಾಕಿಸುವುದಿದ್ದರೆ ಪುಟ ಕಟ್ಟುವ ಉಚಿತ ಸಾಫ್ಟ್‌ವೇರ್ ಸ್ಕ್ರೈಬಸ್ ಕಲಿಯಿರಿ. 2024ರ ಆರಂಭದಲ್ಲಿ ಬಂದ ಅದರ 1.6 ಆವೃತ್ತಿಯಿಂದ ನಮ್ಮಂಥ ಲಿಪಿಗಳೂ ಸರಿಯಾಗಿ ಮೂಡುತ್ತವೆ, ನಾಲ್ಕು ಬಣ್ಣದ ಪಿಡಿಎಫ್ ಕೂಡ ಬರುತ್ತದೆ. ಮೇಷ್ಟ್ರ ಪುಸ್ತಕದ ಪುಟ ಕಟ್ಟಲೂ ಇದೇ ಆಗುತ್ತದೆ.

ಫೋಟೊ ತಿದ್ದಲು ಗಿಂಪ್. 1996ರಿಂದ ಇದೆ. 2025ರ ಮಾರ್ಚ್‌ನಲ್ಲಿ ಬಂದ 3.0 ಆವೃತ್ತಿಯಲ್ಲಿ ಫಿಲ್ಟರ್ ಹಾಕಿದ ಮೇಲೂ ಮತ್ತೆ ಹೋಗಿ ಬದಲಾಯಿಸಬಹುದು. ಹಿಂದೆ ಫೋಟೋಶಾಪ್‌ನವರು ಗಿಂಪ್ ಬೇಡ ಅನ್ನಲು ಇದೇ ದೊಡ್ಡ ಕಾರಣವಾಗಿತ್ತು. ಆದರೂ ಶಾರ್ಟ್‌ಕಟ್ ಬೇರೆ, ಕೈ ಕೂರಲು ಕೆಲವು ವಾರ ಬೇಕು. ಅಷ್ಟು ತಾಳ್ಮೆ ಇಲ್ಲದಿದ್ದರೆ ಫೋಟೊಪಿಯ ನೋಡಿ. ಬ್ರೌಸರಿನಲ್ಲಿ ತೆರೆಯುತ್ತದೆ, ನೋಟಕ್ಕೂ ಮೆನುವಿಗೂ ಫೋಟೋಶಾಪ್‌ನ ತಮ್ಮ. ನಿಮ್ಮ ಪಿಎಸ್‌ಡಿ, ಅಂದರೆ ಫೋಟೋಶಾಪ್ ಫೈಲುಗಳನ್ನು ಲೇಯರ್ ಸಮೇತ ತೆರೆಯುತ್ತದೆ. ಪಕ್ಕದಲ್ಲಿ ಜಾಹೀರಾತು ಬರುತ್ತದೆ, ಅಷ್ಟೇ ಅದರ ಬೆಲೆ. ಫೈಲು ನಿಮ್ಮ ಕಂಪ್ಯೂಟರ್ ಬಿಟ್ಟು ಎಲ್ಲೂ ಹೋಗುವುದಿಲ್ಲ.

ಅಫಿನಿಟಿ ಎಂಬ ಡಿಸೈನ್ ಸಾಫ್ಟ್‌ವೇರ್ ಕೂಡ 2025ರ ಅಕ್ಟೋಬರ್‌ನಿಂದ ಪುಕ್ಕಟೆ. 2024ರಲ್ಲಿ ಅದನ್ನು ಕ್ಯಾನ್ವಾ ಕಂಪನಿ ಕೊಂಡುಕೊಂಡಿತ್ತು. ಒಳ್ಳೆಯ ಸಾಫ್ಟ್‌ವೇರೇ. ಆದರೆ ಗಿಂಪ್ ಪುಕ್ಕಟೆ ಇರುವುದಕ್ಕೂ ಇದು ಪುಕ್ಕಟೆ ಇರುವುದಕ್ಕೂ ವ್ಯತ್ಯಾಸವಿದೆ. ಗಿಂಪ್‌ನ ಕೋಡ್ ಎಲ್ಲರ ಕೈಯಲ್ಲಿದೆ, ಯಾರೂ ನಾಳೆ ಬಾಗಿಲು ಹಾಕಲು ಆಗದು. ಕಂಪನಿ ಕೊಟ್ಟ ಪುಕ್ಕಟೆಯನ್ನು ಕಂಪನಿ ಯಾವತ್ತು ಬೇಕಾದರೂ ವಾಪಸ್ ತೆಗೆದುಕೊಳ್ಳಬಹುದು. ಬಳಸಿ, ಬೇಡ ಅನ್ನುವುದಿಲ್ಲ. ಮುಗಿದ ಕೆಲಸದ ಒಂದು ಪಿಡಿಎಫ್ ಪ್ರತಿ ಇಟ್ಟುಕೊಳ್ಳಿ. ಯಾವುದೇ ಡಿಸೈನ್ ಸಾಫ್ಟ್‌ವೇರ್ ಹಾಕಿದ ಕೂಡಲೇ ‘ಲಕ್ಷ್ಮೀ, ಸ್ವಾತಂತ್ರ್ಯ, ಸೂರ್ಯ’ ಅಂತ ಮೂರು ಪದ ಟೈಪ್ ಮಾಡಿ ನೋಡಿ. ಮೂರೂ ನೆಟ್ಟಗೆ ಬಂದರೆ ಮುಂದಿನದು. ಒಂದು ಒಡೆದರೂ ಆ ಸಾಫ್ಟ್‌ವೇರ್ ಕನ್ನಡದ ಕೆಲಸಕ್ಕಿಲ್ಲ.

ಪಿಡಿಎಫ್‌ಗೆ ದುಡ್ಡು ಕಟ್ಟುವುದು ಇವತ್ತೇ ನಿಲ್ಲಿಸಬಹುದು. ಓದಲು, ಫಾರ್ಮ್ ತುಂಬಲು ಫೈರ್‌ಫಾಕ್ಸ್ ಸಾಕು. ಜೋಡಿಸಲು, ಪುಟ ಬೇರೆ ಮಾಡಲು, ಅರ್ಜಿ ಹಾಕುವಾಗ ಕೇಳುವ ಕೆಬಿಯೊಳಗೆ ಇಳಿಸಲು ಪಿಡಿಎಫ್24 ಕ್ರಿಯೇಟರ್ ಇದೆ. ಅದನ್ನು ಕಂಪ್ಯೂಟರಿಗೇ ಹಾಕಿಕೊಳ್ಳಿ. ಆಧಾರ್, ಪಾಸ್‌ಬುಕ್, ಅಂಕಪಟ್ಟಿಗಳನ್ನು ‘ಫ್ರೀ ಪಿಡಿಎಫ್ ಮರ್ಜ್’ ಅಂತ ಸಿಕ್ಕಿದ ಸೈಟಿಗೆಲ್ಲ ಏರಿಸಬೇಡಿ.

ಆಂಟಿವೈರಸ್ ಕೂಡ ಬೇಕಿಲ್ಲ. ವಿಂಡೋಸ್ 8ರಿಂದಲೇ ಡಿಫೆಂಡರ್ ಎಂಬ ಅದರದೇ ಆಂಟಿವೈರಸ್ ಒಳಗೇ ಇದೆ. ಮನೆ ಬಳಕೆಗೆ ಅದು ಸಾಕು. ಬೇರೆ ಆಂಟಿವೈರಸ್ ತೆಗೆದರೆ ತಾನೇ ಎದ್ದು ಕೆಲಸಕ್ಕೆ ನಿಲ್ಲುತ್ತದೆ.

ನೀವು ಕೇಳದ ಒಂದು ವಿಷಯ ಇದಕ್ಕಿಂತ ಮುಖ್ಯ. ವಿಂಡೋಸ್ 10ಕ್ಕೆ ಮಾಮೂಲಿ ಅಪ್‌ಡೇಟ್ 2025ರ ಅಕ್ಟೋಬರ್ 14ಕ್ಕೆ ನಿಂತಿತು. ಮನೆ ಬಳಕೆದಾರರಿಗೆ 2026ರ ಅಕ್ಟೋಬರ್ 13ರ ತನಕ ಹೆಚ್ಚುವರಿ ಭದ್ರತಾ ಅಪ್‌ಡೇಟ್ ಯೋಜನೆ ಕೊಟ್ಟರು. ಮೈಕ್ರೋಸಾಫ್ಟ್ ಖಾತೆಯಲ್ಲಿ ಲಾಗಿನ್ ಆಗಿ ಸೆಟ್ಟಿಂಗ್ಸ್ ಬ್ಯಾಕಪ್ ಆನ್ ಮಾಡಿದವರಿಗೆ ಅದು ಉಚಿತ. ಆದರೆ ವಿಂಡೋಸ್ 11 ಇಂಟೆಲ್‌ನ ಎಂಟನೇ ತಲೆಮಾರಿನ ಪ್ರೊಸೆಸರ್ ಮತ್ತು ಅದರ ನಂತರದವನ್ನೇ ಕೇಳುತ್ತದೆ. 2017ರ ಡೆಸ್ಕ್‌ಟಾಪ್ ಅಂದರೆ ಹೆಚ್ಚಾಗಿ ಏಳನೆಯದು ಇರುತ್ತದೆ. ಇದಕ್ಕಾಗಿ ಹೊಸ ಕಂಪ್ಯೂಟರ್ ಕೊಳ್ಳಬೇಡಿ. 8 ಜಿಬಿ ಇರುವ ಯಂತ್ರದಲ್ಲಿ ವಿಂಡೋಸ್ ಬದಲು ಹಾಕುವ ಉಚಿತ ಲಿನಕ್ಸ್ ಮಿಂಟ್ ಚೆನ್ನಾಗಿ ಓಡುತ್ತದೆ. ಅದರ 22ನೇ ಆವೃತ್ತಿಗೆ 2029ರ ತನಕ ಅಪ್‌ಡೇಟ್ ಇದೆ. ಪಕ್ಕದ ಕೇರಳದ ಸರ್ಕಾರಿ ಶಾಲೆಗಳಲ್ಲಿ ಮಕ್ಕಳು ಕಲಿಯುವುದು ಲಿನಕ್ಸ್‌ನಲ್ಲೇ, ಹಾಗಾಗಿ ‘ಅದು ಇಂಜಿನಿಯರ್‌ಗಳಿಗೆ’ ಅಂತ ಹೆದರಬೇಡಿ. ಮೊದಲು ಪೆನ್‌ಡ್ರೈವ್‌ನಿಂದಲೇ ಚಲಾಯಿಸಿ ನೋಡಬಹುದು, ಹಾರ್ಡ್‌ಡಿಸ್ಕ್ ಮುಟ್ಟುವುದಿಲ್ಲ. ಆಗ ಪ್ರಿಂಟರ್ ನಡೆಯುತ್ತದಾ ಅಂತ ಖಂಡಿತ ನೋಡಿ. ಎಚ್‌ಪಿಯ ಬಹುಪಾಲು ಪ್ರಿಂಟರ್ ತಾನಾಗೇ ಸಿಗುತ್ತವೆ. ನಮ್ಮ ಮನೆ, ಅಂಗಡಿಗಳಲ್ಲಿ ಎಲ್ಲೆಲ್ಲೂ ಕಾಣುವ ಕ್ಯಾನನ್ ಎಲ್‌ಬಿಪಿ 2900ಕ್ಕೆ ಬೇರೆ ಡ್ರೈವರ್ ಹಾಕುವ ಪಾಡು ಇದೆ. ಕನ್ನಡ ಟೈಪಿಂಗ್‌ಗೆ ಲಿನಕ್ಸ್‌ನ ಟೈಪಿಂಗ್ ವ್ಯವಸ್ಥೆಯಾದ ಐಬಸ್‌ನಲ್ಲಿ ‘ಕೆಜಿಪಿ’ ಕೀಲಿಮಣೆ ಇದೆ, ಅಂದರೆ ಮೇಷ್ಟ್ರು ಬಳಸುವ ನುಡಿ ಕೀಲಿಮಣೆಯೇ. ಲಿನಕ್ಸ್‌ನಲ್ಲಿ ಫೋಟೋಶಾಪ್, ಆಫೀಸ್ ಹಾಕಲು ಆಗುವುದಿಲ್ಲ. ಅದಕ್ಕೇ ಇದು ಕೊನೆಯ ಹೆಜ್ಜೆ. ಮೊದಲು ವಿಂಡೋಸ್‌ನಲ್ಲೇ ಲಿಬ್ರೆಆಫೀಸ್, ಇಂಕ್‌ಸ್ಕೇಪ್, ಗಿಂಪ್ ಬಳಸಿ ಕೈ ಪಳಗಲಿ. ಮೂರೂ ಲಿನಕ್ಸ್‌ನಲ್ಲೂ ಹೀಗೇ ಇರುತ್ತವೆ.

ಇವನ್ನೆಲ್ಲ ಇಳಿಸಿಕೊಳ್ಳುವಾಗ ಗೂಗಲ್‌ನಲ್ಲಿ ಮೇಲೆ ಬರುವ ‘ಪ್ರಾಯೋಜಿತ’ ಕೊಂಡಿ ಒತ್ತಬೇಡಿ. 2022ರಲ್ಲಿ ಗಿಂಪ್ ಹೆಸರಿನಲ್ಲೇ ಹೀಗೆ ನಕಲಿ ಜಾಹೀರಾತು ಬಂದು ವೈರಸ್ ಹಂಚಿತ್ತು. ಆಯಾ ಸಾಫ್ಟ್‌ವೇರ್‌ನ ಸ್ವಂತ ತಾಣದಿಂದಲೇ ತೆಗೆದುಕೊಳ್ಳಿ. ಮೈಕ್ರೋಸಾಫ್ಟ್ ಸ್ಟೋರ್‌ನಲ್ಲಿ ಲಿಬ್ರೆಆಫೀಸ್‌ಗೆ ಬೆಲೆ ಕಾಣಿಸಿದರೆ ಗಾಬರಿ ಬೇಡ. ಅಲ್ಲಿ ಸಣ್ಣ ಮೊತ್ತ ಇಟ್ಟಿದ್ದಾರೆ, ಅವರದೇ ತಾಣದಲ್ಲಿ ಉಚಿತ.

ಕೊನೆಗೆ ಚಂದಾ ನಿಲ್ಲಿಸುವ ಕೆಲಸ. ಆಫೀಸ್ ಚಂದಾ ಜೊತೆ ಒನ್‌ಡ್ರೈವ್‌ನಲ್ಲಿ 1 ಟಿಬಿ ಜಾಗ ಕೊಟ್ಟಿರುತ್ತಾರೆ. ನಿಲ್ಲಿಸಿದ ಮೇಲೆ ಅದು 5 ಜಿಬಿಗೆ ಇಳಿಯುತ್ತದೆ. ಮದುವೆ ಫೋಟೊಗಳೆಲ್ಲ ಅಲ್ಲೇ ಇದ್ದರೆ ಮೊದಲು ಒಂದು ಎಕ್ಸ್‌ಟರ್ನಲ್ ಹಾರ್ಡ್‌ಡಿಸ್ಕ್‌ಗೆ ಇಳಿಸಿಕೊಳ್ಳಿ. ಈ ಡಿಸ್ಕ್‌ಗೆ ಮಾತ್ರ ದುಡ್ಡು ಖರ್ಚು ಮಾಡಿ ಅನ್ನುತ್ತೇನೆ. ಫೋಟೋಶಾಪ್‌ನಲ್ಲಿ ನೀವು ತಿಂಗಳು ತಿಂಗಳು ಕಟ್ಟುತ್ತಿದ್ದರೂ ಅದು ವಾರ್ಷಿಕ ಕರಾರು ಆಗಿರಬಹುದು. ಮಧ್ಯದಲ್ಲಿ ಬಿಟ್ಟರೆ ಉಳಿದ ತಿಂಗಳುಗಳ ಮೊತ್ತದ ಅರ್ಧ ಕೇಳುತ್ತಾರೆ. ಈ ಷರತ್ತನ್ನು ಗ್ರಾಹಕರಿಗೆ ಕಾಣದಂತೆ ಇಟ್ಟಿದ್ದಾರೆ ಅಂತಲೇ 2024ರ ಜೂನ್‌ನಲ್ಲಿ ಫೆಡರಲ್ ಟ್ರೇಡ್ ಕಮಿಷನ್ ಶಿಫಾರಸಿನ ಮೇಲೆ ಅಮೆರಿಕ ಸರ್ಕಾರ, ಫೋಟೋಶಾಪ್ ಮಾಡುವ ಅಡೋಬಿ ಕಂಪನಿ ಮೇಲೆ ದಾವೆ ಹೂಡಿತು. ಖಾತೆಯ ಪುಟದಲ್ಲಿ ಕರಾರು ಮುಗಿಯುವ ದಿನ ನೋಡಿಕೊಂಡು, ಅದರ ಸುಮಾರು ಹದಿನೈದು ದಿನ ಮುಂಚೆ ನಿಲ್ಲಿಸಿ.

ಆಟೊಪೇ ಇದ್ದರೆ ಆ್ಯಪ್ ಅಳಿಸಿದ ಮಾತ್ರಕ್ಕೆ ದುಡ್ಡು ಹೋಗುವುದು ನಿಲ್ಲುವುದಿಲ್ಲ. ಸಾಫ್ಟ್‌ವೇರ್ ಖಾತೆಯಲ್ಲೂ ನಿಲ್ಲಿಸಬೇಕು, ಬ್ಯಾಂಕಿನಲ್ಲಿ ಅಥವಾ ಯುಪಿಐ ಆ್ಯಪ್‌ನಲ್ಲಿ ಮ್ಯಾಂಡೇಟನ್ನೂ (ತಾನಾಗೇ ದುಡ್ಡು ಕಡಿಯಲು ಕೊಟ್ಟ ಒಪ್ಪಿಗೆ) ತೆಗೆಯಬೇಕು. ರಿಸರ್ವ್ ಬ್ಯಾಂಕ್ ನಿಯಮದಂತೆ ಕಡಿತಕ್ಕೆ 24 ಗಂಟೆ ಮುಂಚೆ ಮೆಸೇಜ್ ಬರಲೇಬೇಕು. ಆ ಮೆಸೇಜ್ ಮೇಷ್ಟ್ರ ಯಾವುದೋ ಹಳೇ ಸಿಮ್‌ಗೆ ಹೋಗುತ್ತಿದೆಯಾ ಅಂತ ಈ ವಾರವೇ ಬ್ಯಾಂಕಿನಲ್ಲಿ ಒಮ್ಮೆ ಕೇಳಿಬಿಡಿ.